ಜಾಹೀರಾತು ಒತ್ತಿದವರು

ದಂತವೈದ್ಯರ ಕೋಣೆಯ ಹೊರಗೆ ಕುಳಿತಿದ್ದ ನಿವೃತ್ತ ಶಿಕ್ಷಕಿಯ ಕಿವಿ, ಪಕ್ಕದ ಅತ್ತೆ-ಸೊಸೆಯರ ಮಾತಿನತ್ತ ತಾನಾಗಿಯೇ ವಾಲಿತು.

“ಫೋನಲ್ಲಿ ಬರೋ ನಮ್ಮ ಟೈಲರಿಂಗ್ ಜಾಹೀರಾತನ್ನ ಯಾರು ಒತ್ತಿದ್ರೂ, ಪ್ರತಿ ಸಲ ನಾನು ದುಡ್ಡು ಕಟ್ಟಬೇಕು, ಅತ್ತೆ. ಎದುರಂಗಡಿಯವನು ಬೇಕಂತಲೇ ದಿನಾ ಒತ್ತುತ್ತಾನೆ. ಇವತ್ತೇ ದೂರು ಕೊಡ್ತೀನಿ.”

ಇಂತಹ ವಂಚನೆಗೆ ಕ್ಷಮೆ ಸಲ್ಲದೆಂದು ಶಿಕ್ಷಕಿ ಮನದಲ್ಲೇ ತೀರ್ಪಿತ್ತರು.

“ಅಯ್ಯೋ, ಅವನಲ್ಲ ಕಣೇ! ನಿನಗೆ ಒಳ್ಳೇದಾಗ್ಲಿ ಅಂತ ನಾನೇ ಒತ್ತೋದು. ವಾಕಿಂಗ್ ಗೆಳತಿಯರ ಕೈಲೂ ಒತ್ತಿಸ್ತೀನಿ.”

“ಅತ್ತೇ! ಸದ್ಯ, ದೂರು ಕೊಡೋ ಮೊದಲೇ ಹೇಳಿದ್ರಲ್ಲ!” ಸೊಸೆ ಬಿದ್ದು ಬಿದ್ದು ನಕ್ಕಳು.

“ಹಾಗಾದ್ರೆ ನಾಳೆಯಿಂದ ಅವನ ಜಾಹೀರಾತು ಒತ್ತಲಾ?”

ಸೊಸೆ ಅಗತ್ಯಕ್ಕಿಂತ ತುಸು ಹೆಚ್ಚೇ ಹೊತ್ತು ಯೋಚಿಸಿದಳು. ಶಿಕ್ಷಕಿ ಗಟ್ಟಿಯಾಗಿ ಕೆಮ್ಮಿದರು.

“ಬೇಡ ಅತ್ತೆ, ಅದು ಮೋಸ. ಮೊದಲು ಆ ಫೋನ್ ಕೊಡಿ ಇಲ್ಲಿ.”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಅತ್ತೆ ಫೋನನ್ನು ಚೀಲದ ತಳಕ್ಕೆ ತುರುಕಿ, ಹಲ್ಲು ಕೀಳುವವರ ಬಳಿಗೇ ಓಡಿದರು.