ಐವಿ ಥ್ವೇಟ್ಸ್ ಅವರ ಪಾಲಿನ ಮಾತ್ರೆ

ನನ್ನ ಹೆಸರು ಮುರಿಯಲ್ ಹಾರ್‌ಗ್ರೀವ್ಸ್, ವಯಸ್ಸು 52, ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್, ವಾಸ ಕ್ಲಿಥರೋ, ಲ್ಯಾಂಕಷೈರ್. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ದೀರ್ಘಕಾಲದ ಕಾಯಿಲೆಯವರಿಗೆ ವೈದ್ಯರು ಆರು ತಿಂಗಳ ಚೀಟಿಯನ್ನು ಒಮ್ಮೆಲೇ ಬರೆದುಬಿಡುತ್ತಾರೆ. ನಾಲ್ಕು ವಾರಕ್ಕೊಮ್ಮೆ ಮಾತ್ರೆ ಕೊಡುವುದು ನಮ್ಮ ಕೆಲಸ. ಕೊಡುವ ಮುನ್ನ, ಹೋದ ಸಲಕ್ಕಿಂತ ಏನಾದರೂ ಬದಲಾವಣೆ ಇದೆಯೇ ಎಂದು ಕೇಳಲೇಬೇಕು. ಐವಿ ಥ್ವೇಟ್ಸ್ ಎಂಬುವರ ರಕ್ತದೊತ್ತಡದ ಮಾತ್ರೆಗಳನ್ನು ಅಕ್ಟೋಬರ್‌ನಿಂದ ಅವರ ಗಂಡ ಸೆಡ್ರಿಕ್, ವಯಸ್ಸು 81, ಒಯ್ಯುತ್ತಿದ್ದರು. ಕೇಳಿದಾಗಲೆಲ್ಲ, "ಮಾತ್ರೆ ಕೊಡ್ತೀಯೋ, ಪರೀಕ್ಷೆ ಬರೆಸ್ತೀಯೋ? ನಮ್ಮ ಯಜಮಾನ್ತಿ ಹೆಂಗಿದ್ಲೋ ಹಂಗೇ ಇದಾಳೆ ಕಣಮ್ಮ" ಎನ್ನುತ್ತಿದ್ದರು. ನಾನೂ ನಕ್ಕು ಚೀಲ ಕೊಟ್ಟು ಮುಂದಿನವರನ್ನು ಕರೆಯುತ್ತಿದ್ದೆ.

ಇಂದು ಬೆಳಿಗ್ಗೆ ಅವರು ತಮಾಷೆ ಮಾಡಲಿಲ್ಲ. "ಈಗೀಗ ನುಂಗ್ತಾನೇ ಇಲ್ಲ ಕಣಮ್ಮ. ಕಸ್ಟರ್ಡ್‌ನಲ್ಲಿ ಬೆರೆಸಿದ್ರೂ ಬಾಯಿ ಬಿಡಲ್ಲ. ನೀರಿನ ಔಷಧಿ ಇದೆಯಾ?" ಎಂದರು. ವಯಸ್ಸಾದವರಿಗೆ ನುಂಗಲಾಗದಿದ್ದರೆ ಪಾರ್ಶ್ವವಾಯು ಇರಬಹುದೆಂದು ಹೆದರಿ, ನಾನೇ ಬಂದು ನೋಡುತ್ತೇನೆ ಎಂದೆ. ಅವರಿಗೆ ಖುಷಿಯಾಯಿತು. "ಬಾ ಬಾ, ನಿನ್ನ ಮಾತಾದ್ರೂ ಕೇಳ್ತಾಳೇನೋ" ಎಂದರು.

ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚಿ ಅವರ ಮನೆಗೆ ಹೋದೆ. ಮಹಡಿಯ ಕೋಣೆಯ ಕಿಟಕಿಗಳೆಲ್ಲ ತೆರೆದಿದ್ದು, ಒಳಗೆ ಬೀದಿಗಿಂತ ಹೆಚ್ಚು ಚಳಿ ಇತ್ತು. ಐವಿ ಹಾಸಿಗೆಯಲ್ಲಿದ್ದರು. ಸ್ವೆಟರಿನ ಗುಂಡಿಗಳನ್ನು ಸರಿಯಾಗಿ ಹಾಕಲಾಗಿತ್ತು, ತಲೆ ಬಾಚಲಾಗಿತ್ತು. ತೀರಿಕೊಂಡು ತಿಂಗಳುಗಳೇ ಆಗಿದ್ದವು. ಮುಖದ ವಿಷಯ ನಾನು ಹೇಳುವುದಿಲ್ಲ, ನಿಮ್ಮವರು ನೋಡಿದ್ದಾರೆ. ಕಾಲ ಬಳಿ ಇಟ್ಟಿದ್ದ ಬಿಸಿನೀರಿನ ಚೀಲ ಇನ್ನೂ ಬಿಸಿಯಾಗಿತ್ತು.

ಸೆಡ್ರಿಕ್ ನನ್ನ ಕಿವಿಯ ಬಳಿ, "ಸ್ವಲ್ಪ ಗದರಿಸಿ ಹೇಳಮ್ಮ" ಎಂದರು. "ಐವಿ, ಹೀಗೆಲ್ಲ ಹಠ ಮಾಡಬಾರದು" ಎಂದು ನಾನು ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಆ ದನಿ ಈಗಲೂ ಕಿವಿಯಲ್ಲಿದೆ, ಅದು ನನ್ನದೇ ದನಿ. ಆಮೇಲೆ ಮೆಟ್ಟಿಲ ಮೇಲೆ ನಿಂತು ತಮಗೆ ಫೋನ್ ಮಾಡಿದೆ.

ಸೆಡ್ರಿಕ್ ಸುಳ್ಳು ಹೇಳಿ ಔಷಧಿ ಪಡೆದರೇ ಎಂದು ತಾವು ಕೇಳಿದಿರಿ. ಸಾವನ್ನು ಮುಚ್ಚಿಟ್ಟ ಮೊಕದ್ದಮೆ ಅವರ ಮೇಲೆ ಬರಬಹುದೆಂದೂ ಹೇಳಿದಿರಿ. ನಾನು ಕೇಳಿದ್ದು ಹೋದ ಸಲಕ್ಕಿಂತ ಬದಲಾವಣೆ ಇದೆಯೇ ಎಂದು ಮಾತ್ರ. ಡಿಸೆಂಬರ್‌ನಲ್ಲೂ ಜನವರಿಯಲ್ಲೂ ಅವರು ಕೊಟ್ಟ ಉತ್ತರ ನಿಜವೇ ಆಗಿತ್ತು. ಬದುಕಿದ್ದಾರೆಯೇ ಎಂದು ನಾವು ಯಾರನ್ನೂ ಕೇಳುವುದಿಲ್ಲ. ಇದನ್ನು ದಯವಿಟ್ಟು ಹೀಗೇ ಬರೆದುಕೊಳ್ಳಿ.

ನಿಮ್ಮವರು ಅವರನ್ನು ಕಾರಿನ ಬಳಿ ಕರೆತಂದಾಗ ಅವರು ನನ್ನತ್ತ ತಿರುಗಿ, "ಮುಂದಿನದಕ್ಕೆ ಯಾವತ್ತು ಬರ್ಲಿ ಕಣಮ್ಮ?" ಎಂದರು. ಮಾರ್ಚ್ ಹನ್ನೆರಡು, ಮಂಗಳವಾರ ಎಂದು ಹೇಳಿಬಿಟ್ಟೆ. ಮರೆಯದಿರಲೆಂದು ಅವರು ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ ಕಾರು ಹತ್ತಿದರು.

ಇಲ್ಲಿರುವುದೆಲ್ಲ ನಾನು ಕಂಡದ್ದು, ಕೇಳಿದ್ದು ಮತ್ತು ಆಡಿದ್ದು. ಓದಿಸಿ ಕೇಳಿ, ನಿಜವೆಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಕ್ಲಿಥರೋ
ದಿನಾಂಕ: 13-02-2024
(ರುಜು) ಮುರಿಯಲ್ ಹಾರ್‌ಗ್ರೀವ್ಸ್