ಒಬ್ಬ ಸ್ನೇಹಿತನಿಗಾಗಿ ಪ್ರಾರ್ಥಿಸಿರಿ

ಒಂದೂರಿನಲ್ಲಿ ಒಬ್ಬ ಸಾಹುಕಾರ. ಯಾವ ಊರು ಎಂದು ಕೇಳಬೇಡಿ. ನಮ್ಮ ಸಭೆಯಂಥದೇ ಒಂದು ಸಭೆಯಲ್ಲಿ, ಗಂಡಸರ ಕಡೆಯ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹಿರಿಯ ಅವನು ಎಂದುಕೊಳ್ಳಿ, ಸಾಕು. ಅವನಿಗೊಂದು ಎಣ್ಣೆ ಗಿರಣಿ ಇತ್ತು. ಗಿರಣಿಯ ಆಳುಗಳಿಗೆಂದು ಒಮ್ಮೆ ರಕ್ತಪರೀಕ್ಷೆ ಮಾಡಿಸಿದ. ಸೂಜಿಗೆ ಹೆದರಿ ಎಲ್ಲರೂ ಹಿಂದೆ ಸರಿದಾಗ, "ಅಂಜಬ್ಯಾಡ್ರೋ, ನಾನ ಮೊದಲು ಕೊಡ್ತೀನಿ" ಎಂದು ತನ್ನ ತೋಳನ್ನೇ ಚಾಚಿದ.

ಮರುದಿನ ಫಲಿತಾಂಶ ಫೋನಿಗೆ ಬಂತು. ಆಳುಗಳದು ಹೆಚ್ಚುಕಡಿಮೆ ಎಲ್ಲ ಸರಿ. ಇವನದರಲ್ಲಿ ಮೂರು ಸಾಲು ಮಾತ್ರ ದಪ್ಪ ಕಪ್ಪು ಅಕ್ಷರದಲ್ಲಿ. ಹಿಮೋಗ್ಲೋಬಿನ್ ಕಡಿಮೆ. ಅದರ ಕೆಳಗೆ ಅವನಿಗೆ ಅರ್ಥವಾಗದ ಇನ್ನೊಂದೇನೋ ಕಡಿಮೆ. ಪ್ಲೇಟ್‌ಲೆಟ್ ಹೆಚ್ಚು. ಎರಡು ಕೆಳಗೆ, ಒಂದು ಮೇಲೆ. ಏನು ಹಾಗೆಂದರೆ?

ನೋಡಿ, ಅವನು ಡಾಕ್ಟರ ಹತ್ತಿರ ಹೋಗಲಿಲ್ಲ. ಫೋನಿನಲ್ಲಿ ಹುಡುಕಿದ. ಒಂದು ಕಡೆ ಏನೂ ಅಲ್ಲ ಎಂದಿತ್ತು, ಇನ್ನೊಂದು ಕಡೆ ಮೂಳೆಯೊಳಗಿನ ದೊಡ್ಡ ಕಾಯಿಲೆ ಎಂದಿತ್ತು. ಅವನು ಯಾವುದನ್ನು ನಂಬಿದ? ನೀವು ಯಾವುದನ್ನು ನಂಬುತ್ತಿದ್ದಿರೋ ಅದನ್ನೇ. ಷಡ್ಡಕನನ್ನು ಸುತ್ತಿ ಬಳಸಿ ಕೇಳಿದ: "ನಮ್ಮ ಗೆಳೆಯಾ ಒಬ್ಬಾಂವಗ ಪ್ಲೇಟ್‌ಲೆಟ್ ಹೆಚ್ಚಿಗಿ ಐತಂತಪಾ."

"ಹೆಚ್ಚಿಗಿ ಇದ್ರ ಚೊಲೋ ಆತಲ್ಲೋ ಮಾರಾಯಾ! ನನಗ ಡೆಂಗಿ ಬಂದಾಗ ಇಳಿದು, ಪಪ್ಪಾಯಿ ಎಲಿ ರಸಾ ಕುಡಿದು ಕುಡಿದು ಬಾಯಿ ಕಹಿ ಆಗಿತ್ತು. ಅಂವಗ ಹೇಳು, ನನಗ ಒಂದೀಟು ಕಡಾ ಕೊಡಂತ."

ಸಾಹುಕಾರ ನಕ್ಕ. ಆ ಮಧ್ಯಾಹ್ನ ಗಿರಣಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತ.

ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಹೆದರುತ್ತಾಳೆ ಎಂದುಕೊಂಡ. ಬದಲಿಗೆ, ತಾನಿಲ್ಲದ ದಿನಗಳಿಗೆ ಅವಳನ್ನು ಸಿದ್ಧಮಾಡಲು ಹೊರಟ. ನೀರಿನ ಮೋಟರು ಹೀಗೆ ಹಾಕಬೇಕು, ಫೋನಿನಲ್ಲಿ ಗ್ಯಾಸು ಹೀಗೆ ಬುಕ್ ಮಾಡಬೇಕು ಎಂದು ಒಂದೇ ವಾರದಲ್ಲಿ ಎಲ್ಲ ಕಲಿಸಬೇಕು. ಅವಳ ಬೆರಳು ತಪ್ಪಿದರೆ ಸಿಡುಕು.

"ಒಂದು ಗ್ಯಾಸ್ ಬುಕ್ ಮಾಡಾಕ ಬರಂಗಿಲ್ಲೇನ ನಿನಗ? ಇಷ್ಟು ವರ್ಷ ಏನ್ ಕಲ್ತಿ?"

"ಇಷ್ಟು ವರ್ಷ ನೀವ ಮಾಡ್ತಿದ್ರಲ್ರೀ," ಎಂದಳು ಅವಳು ಮೆಲ್ಲಗೆ.

ಅವನಲ್ಲಿದ್ದದ್ದು ಪ್ರೀತಿಯೇ. ಅವಳನ್ನು ಮುಟ್ಟಿದ್ದು ಸಿಟ್ಟು ಮಾತ್ರ.

ನಮ್ಮಲ್ಲಿರುವಂತೆ ಅವರ ದೇವಾಲಯದ ಬಾಗಿಲಲ್ಲೂ ಪ್ರಾರ್ಥನೆಯ ಚೀಟಿ ಹಾಕುವ ಪೆಟ್ಟಿಗೆ ಇತ್ತು. ಮೂರು ಭಾನುವಾರ ಅವನು ಒಂದೇ ಚೀಟಿ ಹಾಕಿದ: 'ಒಬ್ಬ ಸ್ನೇಹಿತನ ರಕ್ತಪರೀಕ್ಷೆ ಸರಿಯಾಗಿಲ್ಲ. ಪ್ರಾರ್ಥಿಸಿರಿ.' ಹೆಸರಿಲ್ಲ. ಮೂರು ಭಾನುವಾರವೂ ಸಭಾಪಾಲಕರು ಅದನ್ನು ಓದಿದರು, ಸಭೆಯೆಲ್ಲ ಆ ಸ್ನೇಹಿತನಿಗಾಗಿ ತಲೆಬಾಗಿತು. ಪ್ರಾರ್ಥಿಸಿದವರಲ್ಲಿ ಒಬ್ಬರಾದರೂ ಅವನ ಮನೆಗೆ ಬಂದು ಪಕ್ಕದಲ್ಲಿ ಕೂತರೇ? ಹೇಗೆ ಬಂದಾರು? ತನ್ನ ಮನೆಯ ಬಾಗಿಲನ್ನು ಅವನೇ ಬಚ್ಚಿಟ್ಟಿದ್ದ.

ಮೂರನೆಯ ವಾರ ರೊಟ್ಟಿ ಬಡಿಸುತ್ತ ಹೆಂಡತಿಯೇ ಮಾತು ತೆಗೆದಳು. "ಆ ರಕ್ತದ್ದು ಚೀಟಿ ಬರ್ತೈತಲ್ರೀ, ಪಾಪ, ಯಾರೋ ಏನೋ. ನಾ ಅವನ ಹೇಣ್ತಿ ಸಲುವಾಗಿನೂ ಬೇಡ್ಕೊಳ್ಳಾಕತ್ತೀನಿ. ಎಷ್ಟು ಒದ್ದಾಡ್ತಿದ್ದಾಳೋ ಏನೋ ಆಕಿ."

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಟ್ಟ. ಆಗಲೂ ಹೇಳಲಿಲ್ಲ!

ನಾಲ್ಕನೆಯ ಭಾನುವಾರ ಸಭಾಪಾಲಕರು ಇನ್ನೊಂದು ಚೀಟಿ ಬಿಡಿಸಿ ಓದಿದರು: 'ನನಗೆ ಫೋನಿನಲ್ಲಿ ಗ್ಯಾಸ್ ಬುಕ್ ಮಾಡಲು ಬರುವುದಿಲ್ಲ. ಯಜಮಾನರು ಬೇಸತ್ತು ಊಟ ಬಿಟ್ಟಿದ್ದಾರೆ. ನನ್ನಿಂದ ಇನ್ನೇನು ತಪ್ಪಾಗಿದೆ ಎಂದು ದೇವರು ನನಗೆ ತಿಳಿಸಲಿ.'

ಸಭೆಯಲ್ಲಿ ನಗು ಎದ್ದಿತು. ಗ್ಯಾಸಿಗೂ ಪ್ರಾರ್ಥನೆಯೇ ಎಂದು ಯಾರೋ ಪಿಸುಗುಟ್ಟಿದರು. ಮುಂದಿನ ಬೆಂಚಿನಲ್ಲಿದ್ದ ಒಬ್ಬ ಮಾತ್ರ ನಗಲಿಲ್ಲ. ಕಡೆಯ ಕೀರ್ತನೆ ಮುಗಿಯುವುದನ್ನೂ ಕಾಯದೆ ಎದ್ದು, ಹೆಂಗಸರ ಕಡೆ ನಡೆದು, ಎಲ್ಲರೂ ನೋಡುತ್ತಿರುವಂತೆಯೇ ಅವಳನ್ನು ಹೊರಗೆ ಕರೆದ.

"ಆ ಗೆಳೆಯಾ ಅಂದ್ರ... ನಾನ ಅದೀನಿ," ಎಂದ.

"ನಾನ ಏನೋ ತಪ್ಪು ಮಾಡೀನಿ ಅಂತ ದಿನಾ ಹುಡುಕ್ಕೊಂಡು ಕುಂತಿದ್ದೆನಲ್ರೀ," ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಡೀರಿ. ನಾಳೆ ದವಾಖಾನಿಗೆ ನಾನೂ ಬರ್ತೀನಿ."

ಡಾಕ್ಟರು ಫಲಿತಾಂಶ ನೋಡಿದರು. "ಸಾಹುಕಾರ್ರ, ಇದರಾಗ ರೋಗದ ಹೆಸರು ಇರಂಗಿಲ್ಲ. ಎಲ್ಲಿ ಹುಡುಕಬೇಕು ಅಂತ ಅಷ್ಟ ಇರ್ತೈತಿ. ಏನರ ಗುಳಿಗಿ ತೊಗೊಳ್ತೀರೇನು?" ಇವನು ಇಲ್ಲ ಎಂದು ತಲೆಯಾಡಿಸುವಷ್ಟರಲ್ಲಿ ಹೆಂಡತಿ ಬಾಯಿ ಹಾಕಿದಳು. "ಹಂಗ್ಯಾಕಂತೀರಿ? ಮೊಣಕಾಲು ನೋವಿಗೆ ದಿನಾ ಎರಡು ನುಂಗ್ತಾರ್ರೀ ಡಾಕ್ಟ್ರ, ವರ್ಷ ಆತು. ಅಂಗಡಿಯವ್ನ ಕಡೆ ತಾವ ತರ್ತಾರ. ಹೇಳಿದ್ರ ಕೇಳಂಗಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮತ್ತೆರಡು ಪರೀಕ್ಷೆಗಳಾದವು. ಆ ಗುಳಿಗೆಗಳು ಹೊಟ್ಟೆಯೊಳಗೆ ಹುಣ್ಣು ಮಾಡಿದ್ದವು. ಅಲ್ಲಿಂದ ತುಸುತುಸುವೇ ರಕ್ತ ಸೋರುತ್ತಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತು. ಅವನು ಹೆದರಿದ್ದ ಕಾಯಿಲೆ ಅವನಿಗೆ ಇರಲಿಲ್ಲ. ಆದರೆ ಅವನು ಹೆದರುತ್ತ ಕೂತಿದ್ದ ಒಂದೊಂದು ದಿನವೂ, ಇದ್ದ ಕಾಯಿಲೆ ತನ್ನ ಕೆಲಸ ಮಾಡುತ್ತಲೇ ಇತ್ತು.

ಪ್ರಿಯರೇ, ಪ್ರಾರ್ಥನೆ ಫಲಿಸಲಿಲ್ಲವೇ? ಫಲಿಸಿತು. ಡಾಕ್ಟರಿಗೆ ಬೇಕಾಗಿದ್ದ ಉತ್ತರ ಅವನ ಮನೆಯಲ್ಲೇ ರೊಟ್ಟಿ ಬಡಿಸುತ್ತಿತ್ತು. ಅವನು ಕೇಳಲಿಲ್ಲ, ಅಷ್ಟೆ. 'ಒಬ್ಬ ಸ್ನೇಹಿತೆಗಾಗಿ' ಎಂದು ನಾನೂ ಬರೆದದ್ದುಂಟು. ಆದ್ದರಿಂದ ಇದನ್ನು ನಿಮ್ಮ ಕಡೆ ಬೆರಳು ತೋರಿಸಿ ಹೇಳುತ್ತಿಲ್ಲ.

ನಿಮ್ಮ ಫೋನಿನಲ್ಲಿ, ನಿಮ್ಮ ಬೀರುವಿನ ಬಟ್ಟೆಯ ಕೆಳಗೆ ಅಂಥದೊಂದು ಕಾಗದ ಇದೆಯೇ? ಅದನ್ನು ಓದಲು ಬರದಿರುವುದು ತಪ್ಪಲ್ಲ. ಓದಲು ಬರುವವರಿಗೆ ತೋರಿಸದಿರುವುದು ತಪ್ಪು. ಇವತ್ತು ಮನೆಗೆ ಹೋಗಿ ಒಬ್ಬರ ಕೈಗೆ ಅದನ್ನು ಕೊಡಿ. ನಾಳೆ ಅವರನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ. ನಡುವೆ ಫೋನಿನಲ್ಲಿ ಹುಡುಕಬೇಡಿ. ಆಮೇಲೆ ಚೀಟಿ ಬರೆಯಿರಿ, ನಿಮ್ಮ ಹೆಸರು ಹಾಕಿ ಬರೆಯಿರಿ.

ಇನ್ನು, ಮನೆಯಲ್ಲಿ ಕಾರಣವಿಲ್ಲದೆ ಸಿಡುಕುವವರ ಎದುರು ಬಾಳುತ್ತಿರುವವರೇ, ಒಂದೇ ಮಾತು. ಎಲ್ಲ ಸಿಟ್ಟಿನ ಹಿಂದೆಯೂ ಭಯವೇ ಇರುತ್ತದೆ ಎಂದು ನಾನು ಹೇಳಲಾರೆ. ಆದರೂ ನಿಮ್ಮ ತಪ್ಪು ಹುಡುಕಲು ಕೂರುವ ಮೊದಲು, 'ನಿಮಗೆ ಯಾವುದರ ಭಯ?' ಎಂದು ಒಮ್ಮೆ ಕೇಳಿ ನೋಡಿ. ಉತ್ತರ ಕೂಡಲೇ ಬರುವುದಿಲ್ಲ. 'ಏನೂ ಇಲ್ಲ' ಎನ್ನುತ್ತಾರೆ. ಎದ್ದು ಹೋಗಬೇಡಿ. ಅಲ್ಲೇ ಕೂತಿರಿ.