ಖಾಸಿಂಚಾಚಾ ಎಡಗಾಳಿ ಅಂದ ದಿನ

ಇಲ್ಲಲೇ ಬಸ್ಯಾ, ಹಂಗಲ್ಲ ಅದು. ನೀ ಟಿವ್ಯಾಗ ನೋಡ್ತೀಯಲ್ಲ, ಎದುರಿಗಿದ್ದಾಂವನ್ನ ಟಪ್ ಅಂತ ಹೊಡದು ಕೆಡವಾದು, ಅಂಥಾದಲ್ಲ ನಮ್ಮದು. ನಾವು ಹೊಡೀತಿದ್ದದ್ದು ಹಲಗಿಗೆ. ಆರುನೂರು ಗಜ ದೂರ. ಆರುನೂರು ಗಜ ಅಂದ್ರ ಎಷ್ಟಂತೀ, ನಮ್ಮ ಕಟ್ಟಿಯಿಂದ ಆ ಕೆರಿ ಏರಿ ಅದಲ್ಲ, ಅದನ್ನೂ ದಾಟಿ ಆಚೀ ಬೇವಿನಗಿಡ ಅದಲ್ಲ, ಅಲ್ಲೀತನಕ. ಅಷ್ಟು ದೂರಕ್ಕ ಆಳೆತ್ತರದ ಹಲಗಿ ನಿಂದ್ರಿಸಿದ್ರೂ ಒಂದು ಜ್ವಾಳದ ಕಾಳಿನಷ್ಟು ಕಾಣ್ತಿತ್ತು. ಅದರ ನಡುವ ಕರೀ ಬೊಟ್ಟು. ಆ ಬೊಟ್ಟಿಗೆ ಗುಂಡು ಹೊಡೀಬೇಕು. ಹೊಡೀಬೌದು, ಗಾಳಿ ಇರದಿದ್ರ ಯಾರು ಬೇಕಾದ್ರೂ ಕಲ್ತು ಹೊಡೀಬೌದು. ಆದ್ರ ಗಾಳಿ ಅದಲ್ಲ ಯವ್ವಾ, ಅದು ಕೆಟ್ಟದು. ಎಡಕಿನಿಂದ ಗಾಳಿ ಬೀಸಿದ್ರ ಗುಂಡು ಬಲಕ್ಕ ಸರೀತದ, ಎರಡು ಮೊಳ ಸರೀತದ ನೋಡು. ಅದಕ್ಕ ನಾವು ಬೊಟ್ಟಿಗೆ ಗುರಿ ಹಿಡೀತಿದ್ದಿಲ್ಲ, ಎರಡು ಮೊಳ ಎಡಕ್ಕ, ಬಯಲಿಗೆ ಗುರಿ ಹಿಡೀತಿದ್ವಿ. ಗಾಳಿನೇ ಗುಂಡನ್ನ ತಂದು ಬೊಟ್ಟಿಗೆ ಹಾಕಬೇಕು. ತಿಳೀತಾ? ತಿಳೀಲಿಲ್ಲಂದ್ರೂ ಇರ್ಲಿ ಬಿಡು, ನನಗೂ ಮೊದ್ಲು ತಿಳಿದಿದ್ದಿಲ್ಲ.

ಆವಾಗ ದೊಡ್ಡ ಲಡಾಯಿ ನಡೆದಿತ್ತು, ನಿಜಾಮನ ಕಾಲ. ನಾನು ಮಾನ್ವಿ ಕಡೀಂದ ಬಂದು ರಾಯಚೂರಾಗ ಸಿಪಾಯಿ ಆಗಿದ್ದೆ. ಯಾಕ ಆದಿ ಅಂತ ಕೇಳಬ್ಯಾಡ್ರಿ, ಹೊಟ್ಟಿಗಿದ್ದಿಲ್ಲ, ಆದೆ. ಕೂಲಿ ಮಾಡೋ ಮನಿತನ ನಮ್ಮದು, ಅಲ್ಲಿ ಎರಡು ಹೊತ್ತು ರೊಟ್ಟಿ ಹಾಕ್ತಾರ ಅಂತ ಯಾರೋ ಅಂದ್ರು, ನಡ್ಕೊಂತ ಬಂದೆ. ಎದಿ ಅಳತಿ ನೋಡಿದ್ರು, ಹಲ್ಲು ನೋಡಿದ್ರು, ಎತ್ತು ಕೊಳ್ಳೋರು ನೋಡಿದಂಗ ನೋಡಿದ್ರು, ತೊಗೊಂಡ್ರು. ಬಂದೂಕ ಕೈಯಾಗ ಕೊಟ್ಟಮ್ಯಾಗ ನನಗ ಒಂದು ಗೊತ್ತಾತು, ಏನಂದ್ರ ನನಗ ಗಾಳಿ ತಿಳೀತದ ಅಂತ. ಹೆಂಗ ಅಂತೀ? ಕಣದಾಗ ನಮ್ಮವ್ವ ಜ್ವಾಳ ತೂರ್ತಿದ್ಲು. ಜ್ವಾಳ ತುಂಬಿದ ಮರ, ಮೊರ ಅಂತೀರಲ್ಲ ಅದು, ಎತ್ತಿ ಹಿಡದು ನಿಂತು, ಗಾಳಿ ಬರೂತನಕ ಕಾಯ್ತಿದ್ಲು. ನಾನು ಕೆಳಗ ನಿಂತು ಹೊಟ್ಟು ಎಲ್ಲಿ ಬೀಳ್ತದ, ಕಾಳು ಎಲ್ಲಿ ಬೀಳ್ತದ ನೋಡ್ತಿದ್ದೆ. ಗಾಳಿ ತಿರುಗಾಕ ಮುಂಚೆ ಒಂದು ಗಳಿಗಿ ಸುಮ್ಮನಾಗ್ತದ, ಆಮ್ಯಾಗ ತಿರುಗ್ತದ. ಅದು ಯಾವ ಸಾಹೇಬನೂ ನನಗ ಕಲ್ಸಿದ್ದಲ್ಲ. ನಿಮಗೇನು, ಶಕ್ತಿನಗರದ ಚಿಮಣಿ ಹೊಗಿ ನೋಡಿದ್ರ ಗಾಳಿ ಯಾವ ಕಡಿ ಅಂತ ಕಾಣ್ತದ. ನಮಗ ಆ ಬಯಲಾಗ ಮೂರು ಗಳ ನೆಟ್ಟು ಒಂದೊಂದಕ್ಕ ಅರಿವಿ, ಬಟ್ಟಿ ಚೂರು, ಕಟ್ಟಿದ್ರು, ಅಷ್ಟ. ಹತ್ರ ಒಂದು, ನಡುವ ಒಂದು, ಹಲಗಿ ಹತ್ರ ಒಂದು. ಆ ಬಯಲು ಎಂಥಾದಂದ್ರ ಎರಡು ಕಲ್ಲಗುಡ್ಡದ ನಡುವ ಸಂದಿ. ಮೂರು ಅರಿವಿ ಮೂರು ಕಡಿ ಹಾರ್ತಿದ್ವು ಒಮ್ಮೊಮ್ಮೆ.

ಏನ್ ಹೇಳಾಕತ್ತಿದ್ದೆ? ಹಾಂ, ಖಾಸಿಂಚಾಚಾ. ಖಾಸಿಂಸಾಬ ಅಂತ, ನನಗಿಂತ ಇಪ್ಪತ್ತು ವರ್ಷಕ್ಕ ದೊಡ್ಡಾಂವ, ರಾಯಚೂರ ಪ್ಯಾಟಿಯಾಂವ. ಮನ್ಯಾಗ ದಖನಿ ಮಾತು, ನನ್ನ ಜೋಡಿ ಕನ್ನಡ. ಪಲ್ಟಣದಾಗ ಅವನಷ್ಟು ಚಂದ ಗುರಿ ಹಿಡ್ಯಾಂವ ಇದ್ದಿಲ್ಲ. ನನಗ ಬಂದೂಕ ಹಿಡ್ಯಾದು ಕಲ್ಸಿದಾಂವ ಅಂವನ. "ಅರೇ ಹಣಮ್ಯಾ, ಕುದರಿ ಒದ್ದಂಗ ಒತ್ತಬ್ಯಾಡೋ, ಕೂಸಿನ ಗಲ್ಲ ಮುಟ್ಟಿದಂಗ ಒತ್ತು" ಅಂತಿದ್ದ. ಗುರಿ ಹೊಡ್ಯೋ ಮ್ಯಾಚಿನ್ಯಾಗ ಇಬ್ಬಿಬ್ರು ಜೋಡಿ. ಒಬ್ಬಾಂವ ಹೊಟ್ಟಿ ಮ್ಯಾಲೆ ಮಲಗಿ ಹೊಡೀತಾನ, ಇನ್ನೊಬ್ಬಾಂವ ಹಿಂದ ಕುಂತು ದುರ್ಬೀನಿನಾಗ ಅರಿವಿ ನೋಡಿ, ಗಾಳಿ ಎಲ್ಲಿಂದ ಅದ, ಎಷ್ಟು ಮೊಳ ಹಿಡೀಬೇಕು ಅಂತ ಕೂಗ್ತಾನ. ಆಮ್ಯಾಗ ಅದಲು ಬದಲು. ನಾನು ಖಾಸಿಂಚಾಚಾ ಜೋಡಿ.

ಆ ವರ್ಷ ರೇಷನ್ ಜ್ವಾಳ ಬರ್ತಿತ್ತು, ಜ್ವಾಳ ಅಂದ್ರ ಏನು, ಅರ್ಧ ಹಳ್ಳು, ಸಣ್ಣ ಕಲ್ಲು. ಮಧ್ಯಾಹ್ನ ಎಲ್ಲಾರೂ ಕುಂತು ಹಳ್ಳು ಆರಿಸ್ತಿದ್ವಿ. ಒಂದಿನ ಖಾಸಿಂಚಾಚಾ ಆರಿಸಿದ ಜ್ವಾಳದ ರೊಟ್ಟಿ ತಿಂದೆ, ಕಟಕ್ ಅಂತು, ಹಲ್ಲು ಮುರೀತು. ಇಲ್ಲಿ ನೋಡ್ರಿ, ಇದು, ಈ ಸಂದಿ. ನಾನು ಸಿಟ್ಟಿಗೆದ್ದಂಗ ಮಾಡಿ, "ಏನ್ ಚಾಚಾ, ಕಣ್ಣು ಎಲ್ಲಿಟ್ಟಿದ್ದಿ" ಅಂದೆ. ಚಾಷ್ಟಿಗೆ ಅಂದದ್ದು. ಅಂವ ನಗಲಿಲ್ಲ. ಮರ ಕೆಳಗಿಟ್ಟ, ಆಚೀ ಈಚೀ ನೋಡಿದ, "ಕಾಣವಲ್ದೋ ಹಣಮ್ಯಾ" ಅಂದ. "ಆರು ತಿಂಗಳಾತು. ಹೊಗಿ ಕವಿದಂಗ ಆಗ್ಯದ. ಹಲಗಿ ಬೆಳ್ಳಗ ಕಾಣ್ತದ, ಅಷ್ಟ. ಅರಿವಿ ಕಾಣಾದಿಲ್ಲ." "ದವಾಖಾನಿಗೆ ಹೋಗು ಚಾಚಾ" ಅಂದೆ. "ನಕೋ ರೇ, ಬ್ಯಾಡ, ಹೋದ್ರ ಅವತ್ತ ಮನಿಗೆ ಕಳಸ್ತಾರ. ಇನ್ನ ಒಂದು ವರ್ಷ ಹೋದ್ರ ನನ್ನ ನೌಕರಿ ಪೂರಾ ಆಗ್ತದ. ಮೂರು ಹೆಣ್ಣುಮಕ್ಕಳು ಅದಾವ ಮನ್ಯಾಗ. ಯಾರಿಗೂ ಹೇಳಬ್ಯಾಡ, ಕೈ ಮುಗೀತೀನಿ" ಅಂದ. ಅಷ್ಟು ದೊಡ್ಡಾಂವ ನನಗ ಕೈ ಮುಗಿದ. ನಾನು ಇಲ್ಲ ಹೇಳಂಗಿಲ್ಲ ಅಂತ ಆಣಿ ಮಾಡಿದೆ. ಆವತ್ತಿಂದ ಹೆಂಗ ಮಾಡ್ತಿದ್ವಿ ಅಂದ್ರ, ಅಂವ ಹೊಡ್ಯಾಗ ನಾನು ಗಾಳಿ ಹೇಳ್ತಿದ್ದೆ, ಅದೇನು ತೊಂದ್ರಿ ಇದ್ದಿಲ್ಲ, ಕೈ ಅವನದು ಪಳಗಿದ ಕೈ, ಬೆಳ್ಳಗ ಕಂಡದ್ದಕ್ಕ ಹಿಡದು ಹೊಡೀತಿದ್ದ. ನಾನು ಹೊಡ್ಯಾಗ ನಾನ ಅರಿವಿ ನೋಡಿ ಸಣ್ಣಗ ಹೇಳ್ತಿದ್ದೆ, ಅದನ್ನ ಅಂವ ದೊಡ್ಡ ದನಿಲೇ ಕೂಗ್ತಿದ್ದ. ನೋಡಿದೋರು ಏನಂತಾರ, ಖಾಸಿಂಸಾಬ ಎಷ್ಟು ಚಂದ ಗಾಳಿ ಓದ್ತಾನ ಅಂತಾರ. ಹಿಂಗ ಏಳೆಂಟು ತಿಂಗಳು ನಡೀತು. ಏಳೆಂಟು ತಿಂಗಳು, ನೆನಪಿಡ್ರಿ.

ನಿಮ್ಮಜ್ಜಿ ಆವಾಗ ದೇವದುರ್ಗದಾಗ, ತವರಾಗ ಬಾಣಂತಿ. ಕೂಸು ಹುಟ್ಟಿ ಮೂರು ತಿಂಗಳಾಗಿತ್ತು, ನಾನು ಮುಖ ನೋಡಿದ್ದಿಲ್ಲ. ಲಡಾಯಿ ಅಂತ ರಜಾ ಬಂದ್ ಮಾಡಿದ್ರು. ದೇವದುರ್ಗದ ಸಂತಿಗೆ ಹೋಗಿ ಬಂದೋರ ಕೈಯಾಗ ಸುದ್ದಿ ಬಂತು, ಕೂಸಿಗೆ ಜ್ವರ ಬಿಡವಲ್ದು, ಹಾಲು ಕುಡೀವಲ್ದು, ಬಂದು ಮುಖ ನೋಡಿ ಹೋಗು ಅಂತ. ಮುಖ ನೋಡಿ ಹೋಗು ಅಂದ್ರ ಏನರ್ಥ, ನಿಮಗ ತಿಳೀತದಲ್ಲ. ನಾನು ಸುಬೇದಾರ ಸಾಹೇಬನ ಮುಂದ ನಿಂತೆ, ಅತ್ತೆ. ಅಂವ ಕೆಟ್ಟಾಂವಲ್ಲ, ಆದ್ರ ಕಟ್ಟುನಿಟ್ಟು. "ರಜಾ ಕೊಡಾಕ ನನಗ ಹಕ್ಕಿಲ್ಲ. ಬರೋ ವಾರ ಮ್ಯಾಚ್ ಅದ. ಗೆದ್ದ ಜೋಡಿಗೆ ಹದಿನೈದು ದಿನ ರಜಾ ಅಂತ ಹುಕುಂ ಬಂದದ. ಗೆಲ್ಲು, ಹೋಗು" ಅಂದ. ಖಾಸಿಂಚಾಚಾಗ ಬಂದು ಹೇಳಿದೆ. "ಗೆಲ್ತೀವಿ ಬಿಡೋ. ನಿನ್ನ ಕೂಸಿನ ಮುಖ ನೀ ನೋಡ್ತಿ" ಅಂದ.

ಮ್ಯಾಚಿನ ದಿನ ಬಿಸಿಲು, ಏನ್ ಬಿಸಿಲಂತೀರಿ, ನೆಲ ಕಾದು ಹಲಗಿ ನೀರಾಗ ತೇಲಿದಂಗ ಕಾಣಾಕತ್ತಿತ್ತು. ಮೊದ್ಲು ಖಾಸಿಂಚಾಚಾ ಹೊಡದ. ನಾನು ಗಾಳಿ ಹೇಳಿದೆ, ಹತ್ತಕ್ಕ ಎಂಟು ಬೊಟ್ಟಿಗೆ ಹಾಕಿದ. ಕಣ್ಣು ಕಾಣದಾಂವ, ನೋಡ್ರಿ! ಆಮ್ಯಾಗ ನಾನು ಮಲಗಿದೆ. ಹಿಂದ ಬೂಟಿನ ಸಪ್ಪಳಾತು. ಸುಬೇದಾರ ಸಾಹೇಬ ಬಂದು ಖಾಸಿಂಚಾಚಾನ ಬಗಲಿಗೆ, ಇಲ್ಲೇ, ಒಂದು ಮಾರಿನಾಗ ನಿಂತ. ಕೈಯಾಗ ತನ್ನ ದುರ್ಬೀನು. ಇನ್ನ ನಾನು ಸಣ್ಣಗ ಹೇಳ್ಕೊಡಂಗಿಲ್ಲ, ಅಂವ ಕೇಳಿಸ್ಕೊಂತಾನ. ಖಾಸಿಂಚಾಚಾ ಏನ್ ಮಾಡಿದ, ಕುತ್ತಿಗಿಗೆ ಬಡಿಯೋ ಗಾಳಿ ಮ್ಯಾಲೆ ಅಂದಾಜು ಮಾಡಿ ಕೂಗಿದ. "ಎಡಗಾಳಿ! ಎರಡು ಮೊಳ ಎಡಕ್ಕ!" ನಾನು ಅರಿವಿ ನೋಡಿದೆ, ಖರೇನ, ಎಡಗಾಳಿ, ಎರಡು ಮೊಳ. ಹೊಡದೆ, ಬಿತ್ತು. ದೇವ್ರು ದೊಡ್ಡಾಂವ, ಅಂದ್ಕೊಂಡೆ. ಗಾಳಿ ಒಂದ ಸಮನ ಇತ್ತು. ಒಂಬತ್ತು ಗುಂಡು ಹಂಗ ಹೋದ್ವು. ಒಂದೆರಡು ಬೊಟ್ಟಿನಿಂದ ಸರದು ಬಿದ್ವು, ಸುಳ್ಳ್ಯಾಕ ಹೇಳ್ಲಿ. ಇನ್ನೊಂದು ಜೋಡೀದು ಆಗಲೇ ಮುಗಿದಿತ್ತು. ಕೊನೀ ಗುಂಡು ಬೊಟ್ಟಿಗೆ ಬಿದ್ರ ನಾವು, ಇಲ್ಲಂದ್ರ ಅವರು.

ಆವಾಗ ಗಾಳಿ ಸುಮ್ಮನಾತು. ಕಣದಾಗ ಸುಮ್ಮನಾಗ್ತಿತ್ತಲ್ಲ, ಹಂಗ. ನನಗ ತಿಳೀತು, ತಿರುಗ್ತದ ಇದು ಅಂತ. ನೋಡ್ತೀನಿ, ಹಲಗಿ ಹತ್ರದ ಅರಿವಿ ಜೋತುಬಿತ್ತು, ಎದ್ದು ಬಲಕಿನಿಂದ ಹಾರಾಕತ್ತಿತು. ನಡುವಿನದೂ ತಿರುಗಿತು. ನಮ್ಮ ಹತ್ರದ್ದು ಅಷ್ಟ ಇನ್ನಾ ಎಡಗಾಳಿಗೆ ಅಲ್ಲಾಡಾಕತ್ತಿತ್ತು. ಖಾಸಿಂಚಾಚಾಗ ಕುತ್ತಿಗಿಗೆ ಬಡಿಯೋದು ಅದ ಗಾಳಿ. ಕೂಗಿದ, "ಎಡಗಾಳಿ! ಎರಡು ಮೊಳ ಎಡಕ್ಕ!" ದನಿ ಗಟ್ಟಿ ಇತ್ತು ಅವನದು. ಅಂವಗೇನು ಗೊತ್ತು. ನಾನು ಸುಮ್ಮನ ಮಲಗೀನಿ, ಬೆವರು ಕಣ್ಣಾಗ ಇಳ್ಯಾಕತ್ತದ. ಅಂವ ಹೇಳಿದಂಗ ಹೊಡದ್ರ ಗುಂಡು ಹಲಗೀಗೂ ಬೀಳಂಗಿಲ್ಲ, ಗುಡ್ಡಕ್ಕ ಹೋಗ್ತದ. ತಪ್ಪು ಅಂತ ಬಾಯಿ ಬಿಟ್ರ ಸಾಹೇಬ ಅಲ್ಲೇ ನಿಂತಾನ. ಬಾಯಿ ಮುಚ್ಚಿ ನಾನ ಬಲಕ್ಕ ಹಿಡದು ಹೊಡದ್ರ? ಯಾರಿಗೆ ಗೊತ್ತಾಗ್ತದ, ನಾ ಎಲ್ಲಿ ಹಿಡದೀನಿ ಅಂತ ಬಂದೂಕಿಗೊಂದು ಗೊತ್ತು, ಹಂಗಂದ್ಕೊಂಡೆ ನಾನು. ಹೊತ್ತು ಮುಗೀತಂತ ಸೀಟಿ ಊದಾಕ ಇನ್ನ ಸ್ವಲ್ಪ ಹೊತ್ತು ಅಷ್ಟ. ನನಗ ಆವಾಗ ಕೂಸಿನ ಮುಖ, ನೋಡದ ಮುಖ, ಅದ ಎದುರಿಗೆ. "ಹೂಂ ಚಾಚಾ" ಅಂದೆ, ಬಲಕ್ಕ ಒಂದು ಮೊಳ ಹಿಡದೆ, ಹೊಡದೆ.

ಹಲಗಿ ಕೆಳಗ ಇಳೀತು, ಮ್ಯಾಲೆ ಬಂತು, ಅಲ್ಲಿ ತಗ್ಗಿನಾಗ ಕುಂತ ಮಂದಿ ಬೊಟ್ಟಿನ ಮ್ಯಾಲೆ ಬಿಳೀ ತಟ್ಟಿ ತೋರಿಸಿದ್ರು. ಬಿದ್ದದ! ನಮ್ಮ ಮಂದಿ ಓ ಅಂತ ಕೂಗಿದ್ರು. ನಾನು ಎದ್ದು ಖಾಸಿಂಚಾಚಾನ ತೆಕ್ಕಿ ಹಾಯ್ದೆ, ಅಂವ ನಗಾಕತ್ತಿದ್ದ. ಸಾಹೇಬ ನಗಲಿಲ್ಲ. ದುರ್ಬೀನು ಇಳಿಸಿ ನನ್ನ ಮುಖ ನೋಡಿದ. "ಗಾಳಿ ತಿರುಗಿತ್ತು. ಇಂವ ಎಡಕ್ಕ ಅಂದ. ಇಂವ ಹೇಳಿದಂಗ ಹೊಡದಿದ್ರ ಅದು ಬೀಳಂಗೇ ಇದ್ದಿಲ್ಲ" ಅಂದ. ನಾನು ತಲಿ ಕೆಳಗ ಹಾಕಿದೆ. ಆಮ್ಯಾಗ ಅಂವ ಖಾಸಿಂಚಾಚಾನ ಕಡಿ ತಿರುಗಿ, ಸಮಾಧಾನಲೇ ಕೇಳಿದ, "ಖಾಸಿಂಸಾಬ, ಈಗ ನೋಡು, ಆ ದೂರದ ಅರಿವಿ ಯಾವ ಕಡಿ ಹಾರಾಕತ್ತದ?" ಖಾಸಿಂಚಾಚಾ ದುರ್ಬೀನು ಎತ್ತಿ ಹಿಡದ. ಚಂದ ಹಿಡದ, ಹೊಂದಿಸಿದ. "ಎಡಕಿನಿಂದನ ಹುಜೂರ್, ಸ್ವಲ್ಪ ಸಣ್ಣಾಗ್ಯದ" ಅಂದ. ಯಪ್ಪಾ, ಅಲ್ಲಿ ಅರಿವಿನ ಇದ್ದಿಲ್ಲ. ಲಡಾಯಿ ಕಾಲ, ಅರಿವಿ ಸಿಗ್ತಿದ್ದಿಲ್ಲ, ಮ್ಯಾಚ್ ಮುಗೀತಂತ ಆ ಕಡೀ ಮಂದಿ ಆಗಲೇ ಬಿಚ್ಚಿಕೊಂಡಿದ್ರು. ಬರೇ ಗಳ ನಿಂತಿತ್ತು. ಯಾರೂ ಮಾತಾಡಲಿಲ್ಲ. ಆ ಸುಮ್ಮನಾದದ್ದರಾಗ ಅವಗ ತಿಳೀತು. ದುರ್ಬೀನು ಕೆಳಗಿಟ್ಟು, ಕೈ ಎಲ್ಲಿಡಬೇಕು ಅಂತ ತಿಳೀದಂಗಾಗಿ ಮೊಣಕಾಲ ಮ್ಯಾಲೆ ಇಟ್ಕೊಂಡ.

ಮರುದಿನ ದವಾಖಾನಿಗೆ ಕರಕೊಂಡು ಹೋದ್ರು, ವಾರದಾಗ ಪಲ್ಟಣದಿಂದ ಹೆಸರು ಕಡದ್ರು. ನನಗ ರಜಾ ಚೀಟಿ ಬಂತು. ನಾನು ಅವನ ಹತ್ರ ಹೋದೆ, ಅಂವ ಹಾಸಿಗಿ ಸುತ್ತಾಕತ್ತಿದ್ದ. "ಚಾಚಾ, ನಾ ಹೋಗಂಗಿಲ್ಲ ರಜಾಕ" ಅಂದೆ. "ಹೋಗು" ಅಂದ. "ನನ್ನ ಮಾತು ಕೇಳಿ ಹೊಡದಿದ್ರ ಗಾಳಿ ಓದಾಕ ತಪ್ಪಿದ ಅಂತಿದ್ರು ಅಷ್ಟ, ನನ್ನ ನೌಕರಿ ಉಳೀತಿತ್ತು. ನಿನ್ನ ಮಾತು ಕೇಳಿ ಹೊಡದಿ, ಸರೀನ ಮಾಡಿದಿ. ಆದ್ರ ಇವತ್ತು ನನ್ನ ಜೋಡಿ ಮಾತಾಡಬ್ಯಾಡ ಹಣಮ್ಯಾ, ಇವತ್ತೊಂದಿನ ಬ್ಯಾಡ." ಹಗ್ಗ ಬಿಗದ, ಹೆಗಲಿಗೆ ಹಾಕ್ಕೊಂಡ, ಗ್ವಾಡಿ ಹಿಡ್ಕೊಂತ ಹೋದ. ಅಷ್ಟು ದಿನ ಗ್ವಾಡಿ ಹಿಡದಿದ್ದಿಲ್ಲ ಅಂವ, ಮಂದಿ ನೋಡ್ತಾರಂತ. ಇನ್ನ ಯಾರಿಗಂತ ಮುಚ್ಚಬೇಕು.

ದೇವದುರ್ಗಕ್ಕ ನಡಕೊಂತ ಹೋದೆ. ಎಣ್ಣಿ ಇಲ್ಲಂತ ಮೋಟಾರ ಬಂದಾಗಿದ್ವು, ಒಂದಿಷ್ಟು ದೂರ ಯಾರದೋ ಬಂಡಿ ಸಿಕ್ಕಿತು. ಕಾಲು ಬೊಬ್ಬಿ ಎದ್ದಿದ್ವು. ಮನಿ ಬಾಗಲದಾಗ ನಿಂತೆ, ಒಳಗ ಹೋಗಾಕ ಧೈರ್ಯ ಬರಲಿಲ್ಲ. ಆಮ್ಯಾಗ ಒಳಗಿಂದ ಅಳೋ ಸಪ್ಪಳ ಬಂತು, ಕೂಸು ಅಳೋದು, ಸಣ್ಣಗ. ಅಳಾಕತ್ತದ ಅಂದ್ರ ಜೀವ ಅದ, ಅಲ್ಲೇನು. ನಾನು ಅಲ್ಲೇ ಹೊಸ್ತಿಲಮ್ಯಾಲೆ ಕುಂತುಬಿಟ್ಟೆ. ನಿಮ್ಮಜ್ಜಿ ತಂದು ತೊಡಿ ಮ್ಯಾಲೆ ಹಾಕಿದ್ಲು, ಬೆಕ್ಕಿನ ಮರಿಯಷ್ಟು ಇತ್ತು, ಜ್ವರ ಹಿಂದಿನ ದಿನ ಬಿಟ್ಟಿತ್ತು. ಯಾರು ಅಂತೀರಿ? ನಿಮ್ಮ ದೊಡ್ಡತ್ತಿ! ಈಗ ಎಲ್ಲಾರ್ನೂ ಬೈಕೊಂತ ತಿರಗ್ತಾಳಲ್ಲ, ಅಕೀನ.

ರಜಾ ಮುಗಿಸಿ ರಾಯಚೂರಿಗೆ ಬಂದಮ್ಯಾಗ ಖಾಸಿಂಚಾಚಾನ ಮನಿ ಹುಡುಕ್ಕೊಂಡು ಹೋದೆ. ಪ್ಯಾಟಿ ಹಿಂದ ಸಣ್ಣ ಮನಿ. ಅಂಗಳದಾಗ ಕುಂತು ಬೀಡಿ ಕಟ್ಟಾಕತ್ತಿದ್ದ, ಮಕ್ಕಳು ಬಗಲಿಗೆ ಕುಂತು ಎಲಿ ಕತ್ತರಿಸಿ ಕೊಡಾಕತ್ತಿದ್ವು. ನಾನು ಮಾತಾಡಿದ್ದಿಲ್ಲ, ಹೆಜ್ಜಿ ಸಪ್ಪಳಕ್ಕ ತಿಳಕೊಂಡ. "ಆವೋ ಹಣಮ್ಯಾ, ಬಾ, ಕುಂದ್ರು. ಕೂಸು ಹೆಂಗದ?" ಅಂದ. ಛಲೋ ಅದ ಅಂದೆ. "ಅಲ್ಲಾ ಒಳ್ಳೇದು ಮಾಡ್ಲಿ" ಅಂದ. ಚಹಾ ತರ್ಸಿದ. ಕಣ್ಣು ಏನಂದ್ರು ಚಾಚಾ ಅಂತ ಕೇಳಿದೆ. ಎಲಿ ಸುತ್ತೋದು ನಿಂದ್ರಸಲಿಲ್ಲ ಅಂವ. "ಡಾಕ್ಟರ ಬೈದ್ನೋ. ಎಂಟು ತಿಂಗಳ ಹಿಂದ ಬಂದಿದ್ರ ಒಂದು ಕಣ್ಣರ ಉಳಸ್ತಿದ್ದೆ, ಈಗ ಏನೂ ಮಾಡಾಕ ಬರಂಗಿಲ್ಲ ಅಂದ" ಅಂದ.

ಎಂಟು ತಿಂಗಳು. ನಾನು ಗಾಳಿ ಹೇಳಿ ಹೇಳಿ, ಅವಗ ಕಾಣ್ತದ ಅಂತ ಎಲ್ಲಾರಿಗೂ ನಂಬಿಸಿದ್ದು ಅದ ಎಂಟು ತಿಂಗಳು. ಇಷ್ಟು ವರ್ಷ ಆತು, ಆ ಕೊನೀ ಗುಂಡಿನ ಸಂಕಟ ನನಗಿಲ್ಲ, ಅದನ್ನ ಅಂವನ ಸರಿ ಅಂದ. ನನ್ನ ಸಂಕಟ ಆ ಆಣೀದು. ಒಳ್ಳೇದು ಮಾಡಾಕತ್ತೀನಿ ಅಂತ ಬಾಯಿ ಮುಚ್ಕೊಂಡೆ ನೋಡ್ರಿ, ಅದರದು. ಆಮ್ಯಾಗ ಎರಡು ಮ್ಯಾಚ್ ಹೊಡದೆ, ಕೈ ಬರಲಿಲ್ಲ, ಬಿಟ್ಟೆ. ಅದಕ್ಕ ಹೇಳ್ತೀನಿ, ಯಾರಿಗರ ಮೈಯಾಗ ಆರಾಮಿಲ್ಲಂದ್ರ, ಯಾರಿಗೂ ಹೇಳಬ್ಯಾಡ ಅಂತ ಕೈ ಮುಗಿದ್ರೂ, ಕಾಲ ಹಿಡದ್ರೂ, ಕೇಳಬ್ಯಾಡ್ರಿ. ಕೈ ಹಿಡದು ದವಾಖಾನಿಗೆ ಎಳಕೊಂಡು ಹೋಗ್ರಿ. ಬೈದ್ರ ಬೈಸ್ಕೋರಿ. ಸಾಕು, ಏಳ್ರಿ ಇನ್ನ, ನನಗ ಬೆನ್ನು ನೋಯಾಕತ್ತದ.